ವಿನಯಶಿಕ್ಷಣದ ಮೆಟ್ಟಿಲುಗಳು

ವಿನಯವೆಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಹಿರಿಯರ ಮುಂದೆ ತಲೆ ತಗ್ಗಿಸಿ ನಿಂತ ಬಾಲಕನನ್ನು ವಿನಯವಂತನೆಂದು ಹೊಗಳುತ್ತೇವೆ. ಎದುರು ಮಾತನಾಡಿದವನಿಗೆ ವಿನಯವಿಲ್ಲವೆಂದು ತೀರ್ಮಾನಿಸುತ್ತೇವೆ. ಆದರೆ ಈ ಪದದ ಮೊದಲ ಅರ್ಥ ತಲೆ ತಗ್ಗಿಸುವುದಕ್ಕಿಂತ ಬಹಳ ವಿಶಾಲವಾದುದು. ಸಂಸ್ಕೃತದ ‘ನೀ’ ಧಾತುವಿಗೆ ಕರೆದೊಯ್ಯುವುದು, ನಡೆಸುವುದು ಎಂದು ಅರ್ಥವುಂಟು. ಆ ಧಾತುವಿನಿಂದ ಹುಟ್ಟಿದ ವಿನಯವೆಂದರೆ ಒಬ್ಬನನ್ನು ದಾರಿಗೆ ತಂದು ನಡೆಸುವುದು, ಪಳಗಿಸುವುದು, ತರಬೇತು ಮಾಡುವುದು. ಹೀಗೆ ನೋಡಿದರೆ ವಿನಯದಲ್ಲಿ ಇಬ್ಬರಿದ್ದಾರೆ: ನಡೆಯತಕ್ಕವನೊಬ್ಬ, ನಡೆಸತಕ್ಕವನೊಬ್ಬ. ನಾವು ಮೊದಲನೆಯವನ ಕರ್ತವ್ಯವನ್ನು ಮಾತ್ರ ನೆನಪಿನಲ್ಲಿಟ್ಟು ಎರಡನೆಯವನದನ್ನು ಮರೆತಿದ್ದೇವೆ.

ಶಿಕ್ಷೆಯೆಂಬ ಪದಕ್ಕೂ ಇದೇ ಗತಿಯಾಯಿತು. ಶಿಕ್ಷೆಯೆಂದರೆ ಕಲಿಕೆ. ಕನ್ನಡದ ಬಳಕೆಯಲ್ಲಿ ಅದು ದಂಡನೆಯಾಗಿ ಕುಳಿತಿದೆ. ವಿನಯ ಬಾಗುವುದಾಗಿ, ಶಿಕ್ಷೆ ಹೊಡೆತವಾಗಿ ಮಾರ್ಪಟ್ಟ ಮನೆಯಲ್ಲಿ ಮಕ್ಕಳಿಗೆ ನಡೆನುಡಿ ಕಲಿಸುವ ಕೆಲಸ ಎತ್ತ ಹೋಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ವಯಸ್ಸಿನ ಮಗುವಿನಿಂದ ಯಾವ ನಡತೆಯನ್ನು ಕೇಳಬಹುದು? ಕೇಳುವವರ ಮೇಲೆ ಬೀಳುವ ಹೊಣೆ ಯಾವುದು? ಈ ಎರಡು ಪ್ರಶ್ನೆಗಳಿಗೆ ಇತಿಹಾಸದಲ್ಲಿ ಸಿಕ್ಕುವ ಉತ್ತರಗಳನ್ನು ಇಲ್ಲಿ ವಿಚಾರ ಮಾಡೋಣ.

ಉತ್ತರಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಸೀಮೆಯನ್ನು ಈ ವಿಚಾರಕ್ಕೆ ನಮ್ಮ ನೆಲೆಯಾಗಿ ಆರಿಸಿಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಅಲ್ಲಿನ ಜನದ ವೈವಿಧ್ಯ. ಜೋಯಿಡಾದ ಕಾಡಿನಲ್ಲಿ ಕುಣಬಿಗಳಿದ್ದಾರೆ. ಹಳಿಯಾಳ ಮುಂಡಗೋಡಗಳ ಕಡೆ ದನ ಕಾಯುವ ಗೌಳಿಗಳೂ, ಪೋರ್ತುಗೀಸರ ಕಾಲದಲ್ಲಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿಯವರಾದ ಸಿದ್ದಿಗಳೂ ಇದ್ದಾರೆ. ದಾಂಡೇಲಿಯಲ್ಲಿ 1950ರ ದಶಕದ ಕೊನೆಗೆ ಕಾಗದದ ಕಾರ್ಖಾನೆ ಕೆಲಸ ಮೊದಲುಮಾಡಿದ ಮೇಲೆ ಅನೇಕ ಪ್ರಾಂತಗಳ ಕುಟುಂಬಗಳು ಬಂದು ನೆಲಸಿದುವು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತುಗಳು ಒಂದೇ ಶಾಲೆಯ ಅಂಗಳದಲ್ಲಿ ಕೇಳಿಬರುತ್ತವೆ. ಇಂಥ ಸೀಮೆಯಲ್ಲಿ ಮರ್ಯಾದೆಯೆಂಬುದು ಎಲ್ಲರಿಗೂ ತಾನೇ ತಾನಾಗಿ ತಿಳಿದ ಸಂಗತಿಯಲ್ಲ. ಅದನ್ನು ಕಲಿಸಬೇಕು, ಕಲಿಯಬೇಕು.

ಎರಡನೆಯ ಕಾರಣ ಮುಂಡಗೋಡದ ಟಿಬೆಟನ್ ವಸತಿ. ಪ್ರಾಚೀನ ಭಾರತದಲ್ಲಿ ಹುಟ್ಟಿದ ‘ವಿನಯ’ವೆಂಬ ಶಾಸ್ತ್ರವನ್ನು ಅದೇ ಹೆಸರಿನಿಂದ, ಎಳೆಯ ಬಾಲಕರಿಗೆ ನಡೆನುಡಿ ಕಲಿಸುವ ಜೀವಂತ ನಿಯಮವಾಗಿ, ಕನ್ನಡ ನಾಡಿನಲ್ಲಿ ಇಂದಿಗೂ ಪಾಲಿಸುವ ಸ್ಥಳಗಳಲ್ಲಿ ಅದೊಂದು.

ಬೌದ್ಧರ ವಿನಯ ಈ ಸೀಮೆಗೆ ಹೊಸ ಅತಿಥಿಯೆಂದು ಭಾವಿಸಬಾರದು. ಅಶೋಕನ ಕಾಲದಲ್ಲಿ ನಾನಾ ದೇಶಗಳಿಗೆ ಧರ್ಮಪ್ರಚಾರಕ್ಕೆ ಹೋದವರಲ್ಲಿ ರಕ್ಖಿತನೆಂಬ ಸ್ಥವಿರನನ್ನು ವನವಾಸ ದೇಶಕ್ಕೆ ಕಳುಹಿಸಿದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಆ ವನವಾಸಿಯನ್ನು ಪಂಡಿತರು ಮುಂಡಗೋಡಕ್ಕೆ ನೆರೆಯಾದ ಶಿರಸಿ ತಾಲ್ಲೂಕಿನ ಬನವಾಸಿಯೆಂದು ಗುರುತಿಸಿದ್ದಾರೆ. ಕ್ರಿ. ಶ. 3ನೆಯ ಶತಮಾನದ ನಾಗಾರ್ಜುನಕೊಂಡದ ಶಾಸನವೊಂದು ಸಿಂಹಳದ ಭಿಕ್ಷುಗಳು ಧರ್ಮವನ್ನು ಬೆಳಗಿಸಿದ ನಾಡುಗಳ ಪಟ್ಟಿಯಲ್ಲಿ ವನವಾಸಿಯನ್ನೂ ಸೇರಿಸಿದೆ. ಅಲ್ಲಿಯೇ ವನವಾಸದ ಮಹಾರಾಜನ ರಾಣಿಯಾದ ಕೊಡಬಲಿಸಿರಿ ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರವನ್ನು ಕಟ್ಟಿಸಿದಳು. ಕಾಲಾಂತರದಲ್ಲಿ ಆ ಧರ್ಮ ಈ ನೆಲದಿಂದ ಮರೆಯಾಯಿತು; ಹಿಮಾಲಯದ ಆಚೆ ಬೆಳೆದು, ಬಹು ಶತಮಾನಗಳ ಅನಂತರ ನಿರಾಶ್ರಿತರ ಕೈ ಹಿಡಿದು ಹಿಂದಿರುಗಿತು.

ಆ ವಿನಯ ಮಕ್ಕಳ ವಿಷಯದಲ್ಲಿ ಏನು ಹೇಳುತ್ತದೆ? ಪಾಲಿಭಾಷೆಯ ವಿನಯಪಿಟಕದಲ್ಲಿ ಬರುವ ಮೂರು ಪ್ರಸಂಗಗಳನ್ನು ನೋಡೋಣ. ಅದರ ಒಂದೊಂದು ನಿಯಮಕ್ಕೂ ಅದು ಹುಟ್ಟಿದ ಸಂದರ್ಭವನ್ನು ಹೇಳುವುದು ಆ ಗ್ರಂಥದ ಪದ್ಧತಿ. ಮಕ್ಕಳನ್ನು ಕುರಿತ ನಿಯಮಗಳ ಹಿಂದೆ ಮತ್ತೆ ಮತ್ತೆ ಕೇಳಿಬರುವುದು ಅಳು.

ರಾಜಗೃಹದಲ್ಲಿ ಹದಿನೇಳು ಮಂದಿ ಗೆಳೆಯರಿದ್ದರು. ಅವರಲ್ಲಿ ಮುಖ್ಯನಾದವನು ಉಪಾಲಿಯೆಂಬ ಹುಡುಗ. ತಮ್ಮ ಕಾಲಾನಂತರ ಮಗ ಸುಖವಾಗಿ ಬಾಳುವುದು ಹೇಗೆಂದು ಅವನ ತಂದೆತಾಯಿಗಳು ಯೋಚಿಸಿದರು. ಬರೆಹ ಕಲಿಸಿದರೆ ಬೆರಳು ನೋಯುವುದು; ಲೆಕ್ಕ ಕಲಿಸಿದರೆ ಎದೆ ನೋಯುವುದು; ನಾಣ್ಯ ನೋಡುವ ವೃತ್ತಿ ಕಲಿಸಿದರೆ ಕಣ್ಣು ನೋಯುವುದು. ಶಾಕ್ಯಪುತ್ರರಾದ ಭಿಕ್ಷುಗಳಾದರೋ ಚೆನ್ನಾಗಿ ಉಂಡು ಗಾಳಿ ತಾಗದಲ್ಲಿ ಮಲಗುತ್ತಾರೆ. ಅವರಲ್ಲಿ ಸೇರಿಸುವುದೇ ಲೇಸೆಂದು ತೋರಿತು. ಇದನ್ನು ಕೇಳಿಸಿಕೊಂಡ ಉಪಾಲಿ ಗೆಳೆಯರೊಡನೆ ಹೋದನು. ಭಿಕ್ಷುಗಳು ಎಲ್ಲರಿಗೂ ಪೂರ್ಣದೀಕ್ಷೆಯನ್ನೇ ಕೊಟ್ಟರು. ಇನ್ನೂ ಕತ್ತಲಿರುವಾಗಲೇ ಹುಡುಗರು ಎದ್ದು, ಗಂಜಿ ಕೊಡಿ ಅನ್ನ ಕೊಡಿ ಎಂದು ಅಳತೊಡಗಿದರು. ಬೆಳಗಾಗಲಿ ತಾಳಿರೆಂದರೆ ತಾಳಲಿಲ್ಲ. ಹಾಸಿಗೆಯನ್ನೂ ಹೊಲಸು ಮಾಡಿದರು. ನಸುಕಿನಲ್ಲಿ ಎದ್ದ ಬುದ್ಧನ ಕಿವಿಗೆ ಮಕ್ಕಳ ದನಿ ಬಿತ್ತು, ಆನಂದನನ್ನು ವಿಚಾರಿಸಿದನು. ಅನಂತರ ಅವನು ತಪ್ಪು ಹೊರಿಸಿದ್ದು ಅತ್ತವರ ಮೇಲಲ್ಲ, ದೀಕ್ಷೆ ಕೊಟ್ಟ ಹಿರಿಯರ ಮೇಲೆ. ಇಪ್ಪತ್ತು ತುಂಬದವನು ಚಳಿ ಬಿಸಿಲು, ಹಸಿವು ಬಾಯಾರಿಕೆ, ಸೊಳ್ಳೆಯ ಕಡಿತ, ಬಿರುನುಡಿ ಇವನ್ನು ತಾಳಲಾರನು. ತಾಳಲಾರದವನ ಮೇಲೆ ಆ ಹೊರೆಯನ್ನು ಹೇರತಕ್ಕದ್ದಲ್ಲವೆಂದು ನಿಯಮವಾಯಿತು.

ಎರಡನೆಯ ಪ್ರಸಂಗ ಕಾಗೆಗಳದು. ಹದಿನೈದು ತುಂಬದವರಿಗೆ ಮೊದಲ ದೀಕ್ಷೆಯನ್ನೂ ಕೊಡಕೂಡದೆಂಬ ಕಟ್ಟಳೆ ಆಗಲೇ ಇದ್ದಿತು. ಆನಂದನಲ್ಲಿ ಭಕ್ತಿಯಿದ್ದ ಒಂದು ಕುಟುಂಬ ರೋಗದಿಂದ ಅಳಿದುಹೋಗಿ ಇಬ್ಬರು ಎಳೆಯ ಹುಡುಗರು ಮಾತ್ರ ಉಳಿದರು. ಅವರು ರೂಢಿಯಂತೆ ಭಿಕ್ಷುಗಳನ್ನು ಕಂಡು ಓಡಿಬಂದರೆ, ಕಟ್ಟಳೆಯನ್ನು ನೆನೆದ ಭಿಕ್ಷುಗಳು ಅವರನ್ನು ಆಚೆ ಅಟ್ಟಿದರು, ಮಕ್ಕಳು ಅತ್ತರು. ಆನಂದನು ಬಿನ್ನವಿಸಿದಾಗ ಬುದ್ಧನು ವಯಸ್ಸನ್ನು ಕೇಳಲಿಲ್ಲ. ಕಾಗೆಗಳನ್ನು ಓಡಿಸಬಲ್ಲರೇ ಎಂದು ಕೇಳಿದನು. ಬಲ್ಲರೆಂದು ತಿಳಿದ ಮೇಲೆ, ಕಾಗೆ ಓಡಿಸಲು ಶಕ್ತನಾದ ಬಾಲಕನನ್ನು ಸೇರಿಸಿಕೊಳ್ಳಬಹುದೆಂದು ಅಪ್ಪಣೆಯಾಯಿತು. ಮೂರನೆಯ ಪ್ರಸಂಗ ಬುದ್ಧನ ಮಗನಾದ ರಾಹುಲನದು. ಅವನಿಗೆ ದೀಕ್ಷೆಯಾದುದನ್ನು ಕೇಳಿ ಅಜ್ಜನಾದ ಶುದ್ಧೋದನನು ಸಂಕಟಪಟ್ಟನು. ಮುಂದೆ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾವ ಮಗನನ್ನೂ ಸೇರಿಸಿಕೊಳ್ಳಬಾರದೆಂಬ ನಿಯಮ ಹುಟ್ಟಿತು.

ಕಾಗೆಯ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. ವ್ಯಾಖ್ಯಾನಕಾರರು ಅದನ್ನು ಸುಮಾರು ಏಳು ವರ್ಷವೆಂದು ಎಣಿಸಿದರು. ಆದರೆ ಮೂಲದ ಅಳತೆ ವರ್ಷದ್ದಲ್ಲ, ಸಾಮರ್ಥ್ಯದ್ದು. ಅಂಗಳದಲ್ಲಿ ಒಣಹಾಕಿದ ಕಾಳಿಗೆ ಕಾವಲಿಟ್ಟ ಮಗುವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಕಾಗೆ ಬಂದುದನ್ನು ಅದು ಗಮನಿಸಬೇಕು, ಆಟದ ನಡುವೆ ಕೆಲಸವನ್ನು ನೆನಪಿನಲ್ಲಿಡಬೇಕು, ಹೆದರದೆ ಕೈಬೀಸಬೇಕು. ಗಮನ, ನೆನಪು, ಧೈರ್ಯ ಈ ಮೂರು ಮೊಳೆತ ಮಗುವಿಗೆ ಒಂದು ಹೊಣೆಯನ್ನು ಒಪ್ಪಿಸಬಹುದು. ಅವು ಮೊಳೆಯುವ ಮೊದಲು ಒಪ್ಪಿಸಿದರೆ ತಪ್ಪು ಒಪ್ಪಿಸಿದವರದು.

ನಮ್ಮ ವೈದಿಕ ಸಂಪ್ರದಾಯವೂ ಮೆಟ್ಟಿಲುಗಳನ್ನು ಎಣಿಸಿತು. ಮೊದಲನೆಯ ಅಥವಾ ಮೂರನೆಯ ವರ್ಷದಲ್ಲಿ ಚೌಲ, ಐದನೆಯ ವರ್ಷದ ಹೊತ್ತಿಗೆ ಅಕ್ಷರಾಭ್ಯಾಸ, ಅನಂತರ ಉಪನಯನ. ಬ್ರಾಹ್ಮಣನಿಗೆ ಎಂಟು, ಕ್ಷತ್ರಿಯನಿಗೆ ಹನ್ನೊಂದು, ವೈಶ್ಯನಿಗೆ ಹನ್ನೆರಡು ವರ್ಷವೆಂದು ಮನು ವಿಧಿಸುತ್ತಾನೆ; ಎಣಿಕೆ ಗರ್ಭದಿಂದ. ಬೌದ್ಧರ ಇಪ್ಪತ್ತು ವರ್ಷದ ಲೆಕ್ಕವೂ ಗರ್ಭದಿಂದಲೇ ಎಂಬುದು ಗಮನಾರ್ಹ. ಆದರೆ ಇಲ್ಲಿ ವಯಸ್ಸನ್ನು ನಿಶ್ಚಯಿಸಿದ್ದು ಹುಟ್ಟು. ಶೂದ್ರರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಈ ಬಾಗಿಲು ಮುಚ್ಚಿತ್ತೆಂಬುದನ್ನು ಮುಚ್ಚಿಡುವುದು ಇತಿಹಾಸಕ್ಕೆ ನ್ಯಾಯವಾಗದು.

ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾಯಿತೆಂಬುದು ಎಲ್ಲರೂ ಬಲ್ಲ ವಿಷಯ. ಆ ಗ್ರಂಥದ ಮೊದಲನೆಯ ಅಧಿಕರಣದ ಹೆಸರೇ ವಿನಯಾಧಿಕಾರಿಕ. ಚೌಲವಾದ ಮೇಲೆ ಲಿಪಿ ಮತ್ತು ಲೆಕ್ಕ, ಉಪನಯನದ ಮೇಲೆ ಶಾಸ್ತ್ರಗಳು, ಹದಿನಾರರವರೆಗೆ ಬ್ರಹ್ಮಚರ್ಯ ಎಂದು ಅವನು ರಾಜಕುಮಾರನ ಶಿಕ್ಷಣಕ್ರಮವನ್ನು ಹೇಳುತ್ತಾನೆ. ಅಲ್ಲೊಂದು ಸೊಗಸಾದ ಚರ್ಚೆಯಿದೆ. ರಾಜಪುತ್ರನಿಗೆ ಬೇಟೆ, ಜೂಜು, ಮದ್ಯ, ಸ್ತ್ರೀಯರ ಆಸೆ ತೋರಿಸಿ ಪರೀಕ್ಷಿಸಬೇಕೆಂದು ಕೆಲವು ಪೂರ್ವಾಚಾರ್ಯರು ಹೇಳಿದ್ದರು. ಕೌಟಿಲ್ಯನು ಅದನ್ನು ಒಪ್ಪುವುದಿಲ್ಲ. ಎಳೆಯ ಮನಸ್ಸು ಹೊಸ ವಸ್ತುವಿನಂತೆ ಬಳಿದುದನ್ನೆಲ್ಲ ಹೀರಿಕೊಳ್ಳುತ್ತದೆ. ಅರಿಯದವನಿಗೆ ಕೆಟ್ಟದ್ದನ್ನು ಅರಿವಿಗೆ ತಂದುಕೊಡುವುದು ದೊಡ್ಡ ದೋಷವೆಂದು ಅವನ ನಿರ್ಣಯ. ಮಕ್ಕಳ ಪ್ರಾಮಾಣಿಕತೆಯನ್ನು ನೋಡಲೆಂದು ಮೇಜಿನ ಮೇಲೆ ಕಾಸು ಬಿಟ್ಟು ಮರೆಯಲ್ಲಿ ನಿಲ್ಲುವ ಗೃಹಸ್ಥರು ಈ ಮಾತನ್ನು ಮನನ ಮಾಡಬೇಕು.

ಚೀನಾದೇಶದ ಲೀ-ಜೀ ಎಂಬ ಆಚಾರಗ್ರಂಥ ಇನ್ನೂ ಸೂಕ್ಷ್ಮವಾದ ಏಣಿಯನ್ನು ಹಾಕಿದೆ. ಮಗು ತಾನಾಗಿ ಉಣ್ಣಲು ತೊಡಗಿದೊಡನೆ ಬಲಗೈಯಿಂದ ಉಣ್ಣಲು ಕಲಿಸಬೇಕು; ಆರನೆಯ ವರ್ಷದಲ್ಲಿ ಎಣಿಕೆ ಮತ್ತು ದಿಕ್ಕುಗಳ ಹೆಸರು; ಎಂಟರಲ್ಲಿ ಬಾಗಿಲು ದಾಟುವಾಗ, ಕೂರುವಾಗ, ಉಣ್ಣುವಾಗ ಹಿರಿಯರಿಗೆ ಮೊದಲ ಎಡೆ ಬಿಡುವುದು; ಹತ್ತರಲ್ಲಿ ಹೊರಗಿನ ಗುರುವಿನ ಬಳಿ ವಾಸ. ‘ಇನ್ನೊಬ್ಬರಿಗೆ ಎಡೆ ಬಿಡು’ ಎಂಬ ಪಾಠ ಎಂಟನೆಯ ವರ್ಷದವರೆಗೆ ಕಾದಿತ್ತೆಂಬುದನ್ನು ಗಮನಿಸಬೇಕು. ನಾವಾದರೋ ಮೂರು ವರ್ಷದ ಕೂಸು ತನ್ನ ಗೊಂಬೆಯನ್ನು ಅತಿಥಿಯ ಮಗುವಿಗೆ ನಗುನಗುತ್ತ ಕೊಡಲಿಲ್ಲವೆಂದು ಎಲ್ಲರೆದುರು ನಾಚಿಕೊಳ್ಳುತ್ತೇವೆ.

ಯೂರೋಪಿನಲ್ಲಿ 1530ರಲ್ಲಿ ಎರಾಸ್ಮಸ್ ಪಂಡಿತನು ಬಾಲಕರ ನಡತೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಸಣ್ಣ ಪುಸ್ತಕವನ್ನು ಬರೆದನು. ನೋಟ, ಮೂಗು ಒರೆಸುವುದು, ಉಡುಪು, ಊಟ, ಆಟ, ಮಲಗುವ ಕೋಣೆ ಇವೆಲ್ಲ ಅದರಲ್ಲಿ ಬಂದಿವೆ. ಬಹು ಬೇಗನೆ ಅದು ಹಲವು ಭಾಷೆಗಳಿಗೆ ಹೋಯಿತು. ಪುಸ್ತಕವನ್ನು ಅರ್ಪಿಸಿದುದು ಒಬ್ಬ ರಾಜವಂಶದ ಬಾಲಕನಿಗೆ. ಆದರೆ ತಂದೆತಾಯಿಗಳನ್ನೂ ದೇಶವನ್ನೂ ಯಾರೂ ಆರಿಸಿಕೊಳ್ಳಲಾಗದು, ನಡತೆಯನ್ನು ಮಾತ್ರ ಯಾರು ಬೇಕಾದರೂ ರೂಪಿಸಿಕೊಳ್ಳಬಹುದೆಂಬುದು ಅವನ ಅಭಿಪ್ರಾಯ. ತಾನು ತಪ್ಪದೆ ನಡೆದು ಇನ್ನೊಬ್ಬರ ತಪ್ಪನ್ನು ಸುಲಭವಾಗಿ ಮನ್ನಿಸುವುದೇ ಸಭ್ಯತೆಯ ದೊಡ್ಡ ಭಾಗವೆಂದು ಅವನು ಮುಗಿಸುತ್ತಾನೆ.

ಇದೇ ತತ್ತ್ವವನ್ನು ವಿನಯಪಿಟಕ ಬೇರೆ ದಾರಿಯಿಂದ ಸಾಧಿಸಿದೆ. ಅದರಲ್ಲಿ ಶೈಕ್ಷಧರ್ಮಗಳೆಂಬ ಒಂದು ಭಾಗವಿದೆ, ಶೈಕ್ಷವೆಂದರೆ ಕಲಿಯತಕ್ಕವು. ಪಾಲಿಯಲ್ಲಿ ಇವು 75. ಟಿಬೆಟನ್ನರು ಅನುಸರಿಸುವ ಮೂಲಸರ್ವಾಸ್ತಿವಾದದ ವಿನಯದಲ್ಲಿ ಭಿಕ್ಷುವಿನ ಒಟ್ಟು 253 ನಿಯಮಗಳಲ್ಲಿ 112 ಈ ಬಗೆಯವು. ಬಟ್ಟೆಯನ್ನು ಸರಿಯಾಗಿ ಉಡುವುದು, ಊರೊಳಗೆ ಗಟ್ಟಿಯಾಗಿ ನಗದಿರುವುದು, ತುತ್ತು ಬರುವ ಮೊದಲೇ ಬಾಯಿ ತೆರೆಯದಿರುವುದು, ಬಾಯಲ್ಲಿ ಅನ್ನವಿಟ್ಟುಕೊಂಡು ಮಾತನಾಡದಿರುವುದು, ಕೆನ್ನೆ ಉಬ್ಬುವಂತೆ ತುಂಬಿಕೊಳ್ಳದಿರುವುದು ಇಂಥವು. ಇನ್ನಷ್ಟು ಬೇಕೆಂಬ ಆಸೆಯಿಂದ ಬಡಿಸಿದ ಮೇಲೋಗರವನ್ನು ಅನ್ನದ ಕೆಳಗೆ ಅಡಗಿಸಬಾರದೆಂಬ ನಿಯಮವೂ ಉಂಟು. ಪಂಕ್ತಿಭೋಜನದಲ್ಲಿ ಕುಳಿತ ಯಾರಿಗೂ ಇದಕ್ಕೆ ವ್ಯಾಖ್ಯಾನ ಬೇಕಾಗಲಾರದು. ಶಬ್ದ ಮಾಡುತ್ತ ಉಣ್ಣುವುದಕ್ಕೆ ಪಾಲಿಯಲ್ಲಿರುವ ಪದ ‘ಚಪುಚಪು’, ಹೀರುವುದಕ್ಕೆ ‘ಸುರುಸುರು’. ಕನ್ನಡದ ತಾಯಂದಿರು ಮಕ್ಕಳನ್ನು ಗದರುವಾಗ ಇಂದಿಗೂ ಹೆಚ್ಚುಕಡಿಮೆ ಇದೇ ಶಬ್ದಗಳನ್ನು ಆಡುತ್ತಾರೆ.

ಈ ನಿಯಮಗಳನ್ನು ಮೀರಿದರೆ ಏನು ದಂಡ? ಹೆಚ್ಚಿನದೇನೂ ಇಲ್ಲ. ಅದೂ ಅನಾದರದಿಂದ ಮೀರಿದರೆ ಮಾತ್ರ ದೋಷ. ಮರೆತು, ತಿಳಿಯದೆ, ಬೇಕೆಂದಲ್ಲದೆ, ಕಾಯಿಲೆಯಿಂದ ತಪ್ಪಿದವನಿಗೆ ದೋಷವಿಲ್ಲವೆಂದು ಪಾಲಿಯ ಗ್ರಂಥ ಸ್ಪಷ್ಟವಾಗಿ ಹೇಳಿದೆ. ಕೈ ಜಾರಿ ಲೋಟ ಬಿದ್ದುದಕ್ಕೂ ಸಿಟ್ಟಿನಿಂದ ಲೋಟ ಎಸೆದುದಕ್ಕೂ ಒಂದೇ ಏಟು ಕೊಡುವ ಮನೆಗಳು ಎಷ್ಟಿಲ್ಲ! ನಮ್ಮ ಹಳೆಯ ಕೂಲಿಮಠಗಳಲ್ಲಿ ಹುಡುಗನನ್ನು ಹಗ್ಗಕ್ಕೆ ತೂಗುಹಾಕುವ ಕೋದಂಡವೆಂಬ ದಂಡನೆಯಿತ್ತು. ಅದನ್ನು ಕಂಡವರಿಗೆ ಶಿಕ್ಷೆಯೆಂಬ ಪದ ಹೇಗೆ ಕೆಟ್ಟಿತೆಂಬುದು ತಿಳಿದೀತು. 2009ರ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಗಳಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪದದ ಹಳೆಯ ಮಾನವನ್ನು ಕಾಯಿದೆ ಹಿಂದಕ್ಕೆ ತರಬೇಕಾಯಿತು.

ಇನ್ನು ಮುಂಡಗೋಡಕ್ಕೆ ಬರೋಣ. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಭಿಕ್ಷುಗಳಲ್ಲಿ ಅನೇಕರಿಗೆ ಬಂಗಾಳದ ಭೂತಾನ ಗಡಿಯಲ್ಲಿ, ಹಿಂದೆ ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಕ್ಸಾ ಕೋಟೆ ಆಶ್ರಯವಾಯಿತು. ಅಲ್ಲಿನ ಸೆಕೆಯಲ್ಲಿ ಕ್ಷಯರೋಗಕ್ಕೆ ಹಲವರು ತುತ್ತಾದರು. ಇತ್ತ ಆಗಿನ ಮೈಸೂರು ರಾಜ್ಯ ಜಾಗ ಕೊಟ್ಟುದರಿಂದ 1966ರಲ್ಲಿ ಮುಂಡಗೋಡದ ಬಳಿ ಡೋಗುಲಿಂಗ್ ವಸತಿ ಪ್ರಾರಂಭವಾಯಿತು. ಬಕ್ಸಾದಲ್ಲಿ ಉಳಿದವರು ಆ ದಶಕದ ಕೊನೆಯ ಹೊತ್ತಿಗೆ ಇಲ್ಲಿಗೆ ಬಂದು ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾಗಿದ್ದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪಿತವಾಗಿದ್ದ ಡ್ರೆಪುಂಗ್ ಮಹಾವಿಹಾರಗಳನ್ನು ಮತ್ತೆ ಎತ್ತಿದರು. ಊರು ಹೋಯಿತು, ಮನೆ ಹೋಯಿತು. ಕಂಠಪಾಠವಾಗಿದ್ದ ಗ್ರಂಥಗಳೂ ನಡೆಯ ನಿಯಮಗಳೂ ಉಳಿದುವು. ಎಳೆಯರಿಗೆ ಅವನ್ನು ದಾಟಿಸದಿದ್ದರೆ ಒಂದೇ ತಲೆಮಾರಿನಲ್ಲಿ ಎಲ್ಲವೂ ಮುಗಿಯುತ್ತಿತ್ತು. ಆದುದರಿಂದ ಅಲ್ಲಿ ಮಕ್ಕಳ ವಿನಯವೆಂಬುದು ಒಂದು ಜನಾಂಗದ ಅಳಿವು ಉಳಿವಿನ ಪ್ರಶ್ನೆಯಾಯಿತು.

ಅಲ್ಲಿನ ಹುಡುಗರಲ್ಲಿ ಟಿಬೆಟನ್ನರ ಜೊತೆಗೆ ಲಡಾಖ್, ಅರುಣಾಚಲ, ನೇಪಾಳಗಳ ಕಡೆಯವರೂ ಸೇರಿದ್ದಾರೆ. ಚಿಕ್ಕವನು ಒಬ್ಬ ಹಿರಿಯ ಭಿಕ್ಷುವಿನ ಆಶ್ರಯದಲ್ಲಿ ಇರುತ್ತಾನೆ. ಎರಡು ಕೈಯಿಂದ ಕೊಡುವುದು, ಎರಡು ಕೈಯಿಂದ ತೆಗೆದುಕೊಳ್ಳುವುದು, ಗ್ರಂಥವನ್ನು ನೆಲಕ್ಕಿಡದಿರುವುದು ಮೊದಲ ಪಾಠಗಳು. ಪುಸ್ತಕಕ್ಕೆ ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಮಕ್ಕಳಿಗೆ ಇದು ಪರಕೀಯವಲ್ಲ. ಅನಂತರ ಕಂಠಪಾಠ. ಸಭೆಯ ಶಿಸ್ತನ್ನು ನೋಡಿಕೊಳ್ಳಲು ಗೇಕೋ ಎಂಬ ಅಧಿಕಾರಿಯುಂಟು. ಇಷ್ಟಾದ ಮೇಲೆ ಬರುವ ಮೆಟ್ಟಿಲು ನಮ್ಮ ಕಣ್ಣು ತೆರೆಸತಕ್ಕದ್ದು.

ಅದು ವಾದದ ಮೆಟ್ಟಿಲು. ತರ್ಕದ ಬಾಲಪಾಠ ಬಣ್ಣಗಳಿಂದ ಮೊದಲಾಗುತ್ತದೆ: ಬಣ್ಣವಾದದ್ದೆಲ್ಲ ಕೆಂಪೇ ಎಂಬಂಥ ಪ್ರಶ್ನೆಗಳು. ಉತ್ತರ ಕೊಡುವವನು ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಕೇಳುತ್ತಾನೆ. ಎದುರಾಳಿ ತನ್ನ ಮಾತಿಗೆ ತಾನೇ ವಿರುದ್ಧವಾದರೆ ಕೂಗಿ ತೋರಿಸುತ್ತಾನೆ. ಹೊರಗಿನಿಂದ ನೋಡಿದವರಿಗೆ ಜಗಳವೆಂದು ತೋರಬಹುದು. ಅಲ್ಲಿ ಅದು ಅವಿನಯವೆನಿಸುವುದಿಲ್ಲ. ವಿನಯದ ಮುಂದಿನ ಪಾಠವೆನಿಸುತ್ತದೆ. ಯಾವ ಹೊತ್ತಿನಲ್ಲಿ ಮೌನವಾಗಿ ಕೇಳಬೇಕು, ಯಾವ ಅಂಗಳದಲ್ಲಿ ಗಟ್ಟಿಯಾಗಿ ಕೇಳಬೇಕು ಎಂಬುದನ್ನು ಹುಡುಗನು ಒಟ್ಟಿಗೆ ಕಲಿಯುತ್ತಾನೆ. ನಮ್ಮ ಮನೆಗಳಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳು ‘ಏಕೆ’ ಎಂದು ಕೇಳಿದೊಡನೆ ಬಾಯಿ ಮುಚ್ಚಿಸುತ್ತೇವೆ. ಅವರಿಗೆ ಕೇಳುವ ಒಂದು ಅಂಗಳವನ್ನೂ ಕೇಳುವ ಒಂದು ರೀತಿಯನ್ನೂ ಕೊಡುವವರು ವಿರಳ.

ಮಾತಿನ ಮರ್ಯಾದೆಗೂ ಹೀಗೆಯೇ ಮೆಟ್ಟಿಲುಗಳಿವೆ. ಟಿಬೆಟನ್ ಭಾಷೆಯಲ್ಲಿ ಷೇಸಾ ಎಂಬ ಗೌರವದ ಮಾತಿನ ಒಂದು ಪದಕೋಶವೇ ಉಂಟು. ತಲೆ, ಕೈ, ಬಾಯಿಗಳಿಗೂ ಗೌರವಾರ್ಥಕ್ಕೆ ಬೇರೆ ಪದಗಳು. ಅವನ್ನು ಇನ್ನೊಬ್ಬರಿಗೆ ಬಳಸಬೇಕು, ತನಗೆ ಬಳಸಿಕೊಳ್ಳಬಾರದು. ಮುಂಡಗೋಡ ಹಳಿಯಾಳಗಳ ಕನ್ನಡದ ಮಗು ಮನೆಯಲ್ಲಿ ‘ಬಾ’ ಎಂಬುದನ್ನು ಮೊದಲು ಕಲಿತು ಶಾಲೆಯ ಮಾಸ್ತರರಿಗೆ ‘ಬರ್ರಿ’ ಎನ್ನುವುದನ್ನು ಆಮೇಲೆ ಕಲಿಯುತ್ತದೆ. ಮರಾಠಿ ಮನೆಗಳಲ್ಲಿ ತಂದೆಗೆ ‘ತುಮ್ಹಿ’ ಎನ್ನುವ ಮಗು ತಾಯಿಗೆ ‘ತೂ’ ಎನ್ನುವುದು ಹಳೆಯ ರೂಢಿ. ಕನ್ನಡದಲ್ಲಿಯೂ ತಾಯಿಗೆ, ದೇವರಿಗೆ ನಾವು ನೀನೆನ್ನುತ್ತೇವಷ್ಟೆ. ಹತ್ತಿರದ ಮಾತು ಅಗೌರವದ ಮಾತಲ್ಲ. ಕಾಡಿನ ವಾಡೆಯಿಂದ ಬಂದ ಗೌಳಿಯ ಮಗುವೋ ಸಿದ್ದಿಯ ಮಗುವೋ ಉಪಾಧ್ಯಾಯರನ್ನು ‘ನೀನು’ ಎಂದರೆ ಅದನ್ನು ಒರಟುತನವೆಂದು ತಿಳಿಯುವವನು ಭಾಷೆಯ ಇತಿಹಾಸವನ್ನು ಅರಿಯದವನು. ಮಗು ತನಗೆ ಗೊತ್ತಿರುವ ಅತ್ಯಂತ ಆಪ್ತವಾದ ಮಾತನ್ನು ಕೊಟ್ಟಿದೆ. ಬಹುವಚನವನ್ನು ನಾವು ನಗದೆ ಕಲಿಸಬೇಕು.

ಹೆಣ್ಣುಮಕ್ಕಳ ವಿಷಯವನ್ನು ಹೇಳದೆ ಈ ಪ್ರಸ್ತಾಪ ಪೂರ್ತಿಯಾಗದು. ಚೀನಾದ ಆ ಗ್ರಂಥ ಏಳನೆಯ ವರ್ಷದಿಂದ ಗಂಡು ಹೆಣ್ಣುಮಕ್ಕಳು ಒಂದೇ ಚಾಪೆಯಲ್ಲಿ ಕೂರಬಾರದೆಂದಿತು. ನಮ್ಮಲ್ಲಿಯೂ ಹುಡುಗಿಗೆ ವಿನಯ ಬೇಗನೆ ಬರಬೇಕು, ಹುಡುಗನಿಗೆ ನಿಧಾನವಾಗಿ ಬಂದರೂ ಆದೀತು ಎಂಬ ಬರೆಯದ ಕಟ್ಟಳೆಯುಂಟು. ಮುಂಡಗೋಡದಲ್ಲಿ 1987ರಲ್ಲಿ ಜಾಂಗ್‌ಚುಬ್ ಚೋಲಿಂಗ್ ಎಂಬ ಭಿಕ್ಷುಣಿಯರ ವಿಹಾರ ಏರ್ಪಟ್ಟಿತು. ಗಂಡಸರಿಗೆ ಮೀಸಲಾಗಿದ್ದ ವಾದದ ಅಂಗಳಕ್ಕೆ ಹೆಣ್ಣುಮಕ್ಕಳೂ ಕ್ರಮೇಣ ಇಳಿದರು. 2016ರ ಡಿಸೆಂಬರಿನಲ್ಲಿ ಇದೇ ಮುಂಡಗೋಡದ ಡ್ರೆಪುಂಗ್‌ನಲ್ಲಿ ಗೇಶೆಮಾ ಎಂಬ ಅತ್ಯುಚ್ಚ ವಿದ್ಯಾಪದವಿಯನ್ನು ಮೊದಲ ಬಾರಿಗೆ ಇಪ್ಪತ್ತು ಮಂದಿ ಭಿಕ್ಷುಣಿಯರು ದಲಾಯಿ ಲಾಮಾ ಅವರಿಂದ ಪಡೆದರು. ತಗ್ಗಿ ನಡೆಯುವ ಪಾಠವನ್ನೇ ಬಹುಕಾಲ ಕೇಳಿದವರಿಗೆ ನಿಂತು ಪ್ರಶ್ನಿಸುವ ಪಾಠವೂ ದೊರೆಯಿತು.

ಏಳು ವರ್ಷದ ಮಗುವನ್ನು ಮನೆಯಿಂದ ಬಿಡಿಸಿ ವಿಹಾರಕ್ಕೆ ಸೇರಿಸುವುದು ಸರಿಯೇ ಎಂಬ ಶಂಕೆ ಕೇಳುಗರಲ್ಲಿ ಕೆಲವರಿಗೆ ಹುಟ್ಟಬಹುದು. ಅದು ನ್ಯಾಯವಾದ ಶಂಕೆಯೇ. ಶುದ್ಧೋದನನ ಸಂಕಟವೂ, ರಾಜಗೃಹದ ಹುಡುಗರ ಅಳುವೂ ಅದೇ ಶಂಕೆಯ ಮೊದಲ ದನಿಗಳು. ಆ ದನಿಗಳನ್ನು ವಿನಯಶಾಸ್ತ್ರ ಅಡಗಿಸಿಡಲಿಲ್ಲ. ತನ್ನ ನಿಯಮಗಳ ತಲೆಯಲ್ಲಿಯೇ ಬರೆದಿಟ್ಟಿತು. ಆ ಪ್ರಶ್ನೆಯನ್ನು ಪ್ರತಿಯೊಂದು ಮಗುವಿನ ವಿಷಯದಲ್ಲಿಯೂ ಹೊಸದಾಗಿ ಕೇಳಬೇಕೆಂಬುದೇ ಅದರಿಂದ ನಾವು ಕಲಿಯತಕ್ಕದ್ದು.

ಕೊನೆಯದಾಗಿ, ಈ ಶಾಸ್ತ್ರದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದೆಂದು ತೋರಿದ ಒಂದು ಪ್ರಕರಣವನ್ನು ಹೇಳುತ್ತೇವೆ. ಶಿಷ್ಯನು ಗುರುವಿಗೆ ಮಾಡತಕ್ಕ ಸೇವೆಗಳನ್ನು ಪಾಲಿಯ ವಿನಯ ವಿವರವಾಗಿ ಎಣಿಸುತ್ತದೆ. ಬೆಳಗ್ಗೆ ಬೇಗ ಏಳಬೇಕು, ಹಲ್ಲುಜ್ಜಲು ಕಡ್ಡಿಯನ್ನೂ ಮುಖ ತೊಳೆಯಲು ನೀರನ್ನೂ ಕೊಡಬೇಕು, ಆಸನ ಹಾಕಬೇಕು, ದಾರಿಯಲ್ಲಿ ಬಹು ದೂರವೂ ಬಹು ಹತ್ತಿರವೂ ಆಗದಂತೆ ಹಿಂದೆ ನಡೆಯಬೇಕು, ಗುರು ಮಾತನಾಡುವಾಗ ನಡುವೆ ಬಾಯಿಹಾಕಬಾರದು. ಇಲ್ಲಿಯವರೆಗೆ ಎಲ್ಲ ದೇಶಗಳ ಗ್ರಂಥಗಳೂ ಹೇಳುತ್ತವೆ. ಆದರೆ ಇದರ ಹಿಂದೆಯೇ ಗುರುವು ಶಿಷ್ಯನಿಗೆ ಮಾಡತಕ್ಕದ್ದರ ಪಟ್ಟಿಯೊಂದು ಬರುತ್ತದೆ. ಶಿಷ್ಯನು ಕಾಯಿಲೆ ಬಿದ್ದಾಗ ಗುರುವೇ ಬೇಗ ಎದ್ದು ಹಲ್ಲುಕಡ್ಡಿಯನ್ನೂ ನೀರನ್ನೂ ಕೊಡಬೇಕು, ಆಸನ ಹಾಕಬೇಕು, ಬಟ್ಟೆ ನೋಡಿಕೊಳ್ಳಬೇಕು. ಶಿಷ್ಯನಿಂದ ಏನೇನನ್ನು ಕೇಳಿದ್ದನೋ ಹೆಚ್ಚುಕಡಿಮೆ ಅದನ್ನೆಲ್ಲ ತಾನು ಮಾಡಿ ತೋರಿಸಬೇಕು. ಗುರು ಶಿಷ್ಯನನ್ನು ಮಗನಂತೆಯೂ ಶಿಷ್ಯನು ಗುರುವನ್ನು ತಂದೆಯಂತೆಯೂ ಕಾಣಬೇಕೆಂಬ ಮಾತಿಗೆ ಅಲ್ಲಿ ಕೈಕೆಲಸದ ಸಾಕ್ಷಿಯಿದೆ.

ಪಟ್ಟಣದ ಗೃಹಸ್ಥರಾದ ನಮಗೆ ಇದರಿಂದ ದೊರೆಯುವ ದಾರಿ ಸರಳವಾದುದು. ಐದು ವರ್ಷದ ಒಳಗಿನ ಮಗು ನೋಡಿ ಕಲಿಯುತ್ತದೆ; ಅದರ ಮುಂದೆ ನಾವು ಸರಿಯಾಗಿ ನಡೆದರೆ ಆ ವಯಸ್ಸಿನ ಪಾಠ ಬಹುಮಟ್ಟಿಗೆ ಮುಗಿಯಿತು. ಕಾಗೆ ಓಡಿಸುವ ವಯಸ್ಸು ಬಂದಾಗ ಒಂದು ಪುಟ್ಟ ಹೊಣೆ ಕೊಡೋಣ; ಮರೆತರೆ ನೆನಪಿಸೋಣ. ಎಂಟು ಹತ್ತರ ಹೊತ್ತಿಗೆ ಎಡೆ ಬಿಡುವುದನ್ನೂ ಕಾಯುವುದನ್ನೂ ಕೇಳೋಣ. ನಾವೂ ಅವರ ಮಾತು ಮುಗಿಯುವವರೆಗೆ ಕಾಯೋಣ. ಹನ್ನೆರಡರ ಮೇಲೆ ಪ್ರಶ್ನೆಗೆ ಅಂಗಳ ಬಿಡೋಣ. ಹದಿನಾರ ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ಹಿರಿಯರೇ ಹೇಳಿದ್ದಾರೆ. ಮಗಳನ್ನೂ ಹಾಗೆಯೇ ಕಾಣಬೇಕೆಂದು ನಾವು ಸೇರಿಸೋಣ. ಹೀಗೆ ನಡೆಸಿಕೊಂಡು ಹೋದರೆ ವಿನಯವೆಂಬ ಮಾತಿಗೆ ಅದರ ಮೊದಲಿನ ಅರ್ಥ ನಮ್ಮ ಮನೆಗಳಲ್ಲಿ ಹಿಂದಿರುಗಿ ಬರುವುದು.